ಅತ್ತೆ ಬಾಡಿಗೆಗೆ ಹಿಡಿದ ದೋಣಿ

ನಮ್ಮ ಸೋದರತ್ತೆಗೆ ಬಾರದ ಕೆಲಸ ಈ ನೆಲದ ಮೇಲೆ ಯಾವುದೂ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಎಲ್ಲರಿಗೂ ಹೇಳಿದವಳು ಅವಳೇ. ನೆಲದ ಮೇಲೆ ಕಲಿಯುವುದು ಏನೂ ಉಳಿಯಲಿಲ್ಲವೆಂದು ಕಾಣುತ್ತದೆ, ಕಳೆದ ವರ್ಷ ನಮ್ಮನ್ನೆಲ್ಲ ಎಳೆದುಕೊಂಡು ನೀರಿನ ಮೇಲೆ ಹೋದಳು. ಅಲ್ಲಿ ನನಗಾದ ಅವಮಾನವನ್ನು ಇಷ್ಟು ದಿನ ಹೊಟ್ಟೆಗೆ ಹಾಕಿಕೊಂಡಿದ್ದೆ. ಇನ್ನು ನನ್ನಿಂದಾಗದು.

ಅತ್ತೆ ನನ್ನ ಅಪ್ಪನ ತಂಗಿ. ಹೊಂಗನೂರಿನಲ್ಲಿ ರೇಷ್ಮೆ ಹುಳು ಸಾಕುತ್ತಾಳೆ. ವಯಸ್ಸು ಅರವತ್ತು ದಾಟಿದೆ; ಎಷ್ಟು ದಾಟಿದೆ ಎಂದು ಕೇಳುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ಹಿಪ್ಪುನೇರಳೆ ತೋಟಕ್ಕೆ ಟಿಲ್ಲರ್ ಹೊಡೆಯುವವಳು ಅವಳೇ, ಪಂಪ್‌ಸೆಟ್ ಕೆಟ್ಟರೆ ಬಿಚ್ಚುವವಳು ಅವಳೇ, ಬಿಚ್ಚಿದ್ದನ್ನು ಜೋಡಿಸಲು ಬಂದ ಮೆಕ್ಯಾನಿಕ್‌ಗೆ ಬುದ್ಧಿ ಹೇಳುವವಳೂ ಅವಳೇ. ನನ್ನ ಮದುವೆಯಲ್ಲಿ ಮಂತ್ರ ಒಂದು ಕಡೆ ತಪ್ಪಿತೆಂದು ಎದ್ದು ನಿಂತಿದ್ದಳು. ಅವಳಿಗೆ ಒಂದು ಮಂತ್ರವೂ ಬರುವುದಿಲ್ಲ. ಆದರೂ ಪುರೋಹಿತರು ಹೆದರಿ ಮೊದಲಿನಿಂದ ಶುರು ಮಾಡಿದರು. ನಾನು ಹಸೆಮಣೆಯ ಮೇಲೆ ಇನ್ನೊಂದು ಅರ್ಧ ಗಂಟೆ ಕೂತೆ.

ಮಾವ ಮಾತು ಕಡಿಮೆಯ ಮನುಷ್ಯ. ಮೂವತ್ತು ವರ್ಷ ಬಸ್ಸು ಓಡಿಸಿದವರು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಸೋತಿತು, ನಾಲಿಗೆಯೂ ತೊಡರತೊಡಗಿತು. ಈಗ ಮೆಲ್ಲಗೆ ನಡೆಯುತ್ತಾರೆ, ಎಡಗೈಯಲ್ಲಿ ಉಣ್ಣುತ್ತಾರೆ. ಶರ್ಟಿನ ಗುಂಡಿಯನ್ನು ಮಾತ್ರ ಅತ್ತೆ ಹಾಕಬೇಕು. ಅದನ್ನೂ ಅವಳು ಬೈದುಕೊಂಡೇ ಹಾಕುತ್ತಾಳೆ.

ಪ್ರವಾಸದ ಯೋಚನೆ ನನ್ನದು. ಈ ಮಾತು ಎಲ್ಲಾದರೂ ಒಂದು ಕಡೆ ಬರೆದಿಟ್ಟಿರಲಿ ಎಂದು ಹೇಳುತ್ತಿದ್ದೇನೆ. ನಾನು ಚನ್ನಪಟ್ಟಣದಲ್ಲಿ ಹೈಸ್ಕೂಲ್ ಮೇಷ್ಟ್ರು; ದಸರಾ ರಜೆ ಬಂದಿತ್ತು. ಅತ್ತೆಯೂ ರೇಷ್ಮೆ ಗೂಡು ಮಾರಿ ಕೈ ತೊಳೆದುಕೊಂಡಿದ್ದಳು. ಮುಂದಿನ ಹುಳು ತರುವವರೆಗೆ ಬಿಡುವು. ಅತ್ತೆ, ಮಾವ, ನಾನು, ನನ್ನ ಹೆಂಡತಿ, ಅಕ್ಕ, ಭಾವ, ಜೊತೆಗೆ ಅತ್ತೆಯ ಗೂಡಿನಿಂದ ನೂಲು ತೆಗೆಯುವ ಚನ್ನಪಟ್ಟಣದ ಸಾಹೇಬರು ಮತ್ತು ಅವರ ಹೆಂಡತಿ, ಹೀಗೆ ಎಂಟು ಜನ. ಸಾಹೇಬರ ಹೆಂಡತಿಯನ್ನು ನಾವೆಲ್ಲ ಆಪಾ ಎನ್ನುತ್ತೇವೆ. ಇಪ್ಪತ್ತು ವರ್ಷದಿಂದ ಅತ್ತೆಯೊಡನೆ ಜಗಳವಾಡುತ್ತಾ ಸ್ನೇಹ ಉಳಿಸಿಕೊಂಡಿರುವ ಏಕೈಕ ವ್ಯಕ್ತಿ ಆಕೆ. ಎಂಟೂ ಜನಕ್ಕೆ ಊಟಿಗೆ ವ್ಯಾನು, ಹೋಟೆಲು, ಯಾವ ಗಂಟೆಗೆ ಯಾವ ಹೂವು ನೋಡಬೇಕು ಎನ್ನುವವರೆಗೆ ಎರಡು ಬಣ್ಣದ ಇಂಕಿನಲ್ಲಿ ಪಟ್ಟಿ ಬರೆದೆ. ಅತ್ತೆ ಅದನ್ನು ಓದಿದಳು, ನಾಲ್ಕು ಮಡಿಕೆ ಮಾಡಿ ಅಲ್ಲಾಡುತ್ತಿದ್ದ ಮಂಚದ ಕಾಲಿನಡಿ ಇಟ್ಟಳು.

"ಊಟಿ ಬ್ಯಾಡ. ಕೇರಳಕ್ ಹೋಗನ. ಅಲ್ಲಿ ಕಾಲುವೇಲಿ ದೋಣಿ ಬಾಡಿಗೆಗೆ ಕೊಡ್ತರಂತೆ. ನಾವೇ ಓಡುಸ್ಕೊಂಡ್ ಹೋಗದು, ಡ್ರೈವರ್ ಇಲ್ದಂಗೆ."

"ಡ್ರೈವರ್ ಯಾಕ್ ಬೇಡ ಅತ್ತೆ? ಅವನಿದ್ರೆ ನಾವು ಆರಾಮಾಗಿ ಕೂತ್ಕೋಬೋದಲ್ವಾ?"

"ಆರಾಮಾಗ್ ಕೂರದಾದ್ರೆ ಮನೇಲೇ ಕೂತ್ಕಳ್ಲಾ."

ಪಟ್ಟಿಗೆ ಅಲ್ಲಿಗೆ ಮುಕ್ತಾಯ. ಮಂಚ ಮಾತ್ರ ಈಗ ಅಲ್ಲಾಡುವುದಿಲ್ಲವಂತೆ.

ದೋಣಿಯ ಯಜಮಾನ ಹಿಂದೆ ರಾಮನಗರದಲ್ಲಿ ಬೇಕರಿ ನಡೆಸಿದ್ದವನು. ಕನ್ನಡ ಬಲ್ಲವನು. ಅವನ ಮನೆಯಲ್ಲೇ ನಾವು ಇಳಿದುಕೊಂಡಿದ್ದು. ಎರಡು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ದೋಣಿ ನಮ್ಮದು, ಚಿಕ್ಕ ಕಾಲುವೆ ಬಿಟ್ಟು ದೊಡ್ಡ ನೀರಿಗೆ ಇಳಿಯಕೂಡದು ಎಂದು ಕರಾರು. ಮೇಲೆ ಚಾವಣಿ, ಎರಡು ಬದಿಗೆ ಬೆಂಚು, ಮುಂದೆ ಒಂದು ಸ್ಟೇರಿಂಗು, ಹಿಂದೆ ಚಿಕ್ಕ ಎಂಜಿನ್ನು. ದಡದಲ್ಲಿ ನಡೆದು ಹೋಗುವವರು ನಮ್ಮನ್ನು ಹಿಂದೆ ಹಾಕುವಷ್ಟು ವೇಗ. ಕೆಂಪು ಜಾಕೆಟ್ ತೊಡಿಸಿ ನಮ್ಮನ್ನು ಸಾಲಾಗಿ ಕೂರಿಸಿದ ಮೇಲೆ ಅವನು ನನ್ನನ್ನೇ ಉದ್ದೇಶಿಸಿ ಪಾಠ ಶುರು ಮಾಡಿದ. ಯಾಕೆ? ನನ್ನ ಮುಖ ನೋಡಿ ಜವಾಬ್ದಾರಿಯ ಮನುಷ್ಯ ಎಂದು ಅವನಿಗೆ ಅನ್ನಿಸಿತ್ತು. ಅಪರಿಚಿತರಿಗೆ ಅನ್ನಿಸುತ್ತದೆ. ನಮ್ಮವರಿಗೆ ಅನ್ನಿಸುವುದಿಲ್ಲ.

"ಬ್ರೇಕ್ ಎಲ್ಲೈತೆ?" ಅತ್ತೆ ನಡುವೆ ಬಾಯಿ ಹಾಕಿದಳು.

"ಬ್ರೇಕ್ ಇಲ್ಲ ಅಮ್ಮ. ನಿಲ್ಲಿಸಬೇಕಾದ್ರೆ ರಿವರ್ಸ್ ಹಾಕಬೇಕು."

"ಗುದ್ದುದ್ರೆ?"

"ಮರದ ದೋಣಿ. ಮೆಲ್ಲಗೆ ಗುದ್ದಿದ್ರೆ ಏನೂ ಆಗಲ್ಲ."

"ಮುಳುಗಾಕಿಲ್ವಾ?"

"ಇಲ್ಲಮ್ಮ. ಇಲ್ಲಿ ನೀರೂ ಎದೆಮಟ್ಟ ಅಷ್ಟೇ."

ಯಾರಾದರೂ ಪ್ರವಾಸಕ್ಕೆ ಹೊರಟವರು ಕೇಳುವ ಪ್ರಶ್ನೆಗಳೇ ಇವು? ಆಮೇಲೆ ಯಜಮಾನ ಬೀಗದ ಕೈಯನ್ನು ನನ್ನ ಕಡೆ ಚಾಚಿದ. ನಾನೂ ಕೈ ಚಾಚಿದೆ. ಎರಡು ಕೈಗಳ ನಡುವೆ ಮೂರನೆಯದೊಂದು ಬಂತು. ಕೀ ಅತ್ತೆಯ ಸೆರಗಿನ ಗಂಟು ಸೇರಿತು.

ಮೊದಲ ದಿನದ ಚರಿತ್ರೆಯನ್ನು ಹೇಗೆ ಹೇಳಲಿ? ಅತ್ತೆ ಹೊರಟ ಐದು ನಿಮಿಷಕ್ಕೇ ಒಂದು ಮನೆಯ ಬಟ್ಟೆ ಒಗೆಯುವ ಕಲ್ಲಿಗೆ ದೋಣಿ ಗುದ್ದಿದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸು ಎದ್ದು ನಿಂತಳು. "ಕಲ್ಲನ್ನ ಒಸಿ ಒಳಕ್ ಇಟ್ಕಬಾರ್ದಾ ತಾಯಿ?" ಎಂದು ಅತ್ತೆ ಅವಳನ್ನೇ ಕೇಳಿದಳು. ಮುಂದೆ ಬಾತುಕೋಳಿಗಳ ಹಿಂಡೊಂದರ ನಡುವೆ ನುಗ್ಗಿದಳು. ಬಾತುಗಳು ಎರಡು ಪಾಲಾಗಿ, ಅವನ್ನು ಕಾಯುತ್ತಿದ್ದ ಮುದುಕ ಎರಡು ದಡವನ್ನೂ ನೋಡುತ್ತಾ ಯಾವುದರ ಹಿಂದೆ ಹೋಗಲಿ ಎಂದು ತೋಚದೆ ನಮ್ಮನ್ನು ಬಯ್ಯತೊಡಗಿದ. ಮಲಯಾಳಂ ಬಾರದಿದ್ದರೂ ನಮಗೆ ಎಲ್ಲವೂ ಅರ್ಥವಾಯಿತು. ಇನ್ನೂ ಮುಂದೆ ಯಾರದೋ ಹಿತ್ತಲಿನ ಹಗ್ಗಕ್ಕೆ ಚಾವಣಿ ಸಿಕ್ಕಿ, ಒಣಹಾಕಿದ್ದ ಲುಂಗಿಯೊಂದು ನಮ್ಮ ಬಾವುಟವಾಗಿ ಹಾರಾಡುತ್ತಾ ಜೊತೆಯಲ್ಲೇ ಬಂತು. ಅದನ್ನು ಹಿಂದಿರುಗಿಸಲು ನೀರಿಗಿಳಿದವನು ಯಾರು? ನಾನು. ಪ್ಯಾಂಟು ಮಡಚಿ, ಕೆಸರಿನಲ್ಲಿ ಕಾಲು ಹೂತು, ಬೇರೆ ಊರಿನ ಗಂಡಸೊಬ್ಬನ ಒದ್ದೆ ಲುಂಗಿ ಹಿಡಿದು, ಎಂ.ಎ., ಬಿ.ಎಡ್. ಮಾಡಿದ ನಾನು.

ಆದರೆ ಮಧ್ಯಾಹ್ನ ನಡೆದದ್ದರ ಮುಂದೆ ಇದೆಲ್ಲ ಏನೂ ಅಲ್ಲ. ದೋಣಿಯನ್ನು ಹಿಂದಕ್ಕೆ ತಿರುಗಿಸಲು ಹೋಗಿ ಅತ್ತೆ ಅದನ್ನು ಕಾಲುವೆಗೆ ಅಡ್ಡಲಾಗಿ ಸಿಕ್ಕಿಸಿದಳು. ಮೂತಿ ಒಂದು ದಡದ ಮಣ್ಣಿನಲ್ಲಿ, ಬಾಲ ಇನ್ನೊಂದು ದಡದ ಬೇರಿನಲ್ಲಿ. ಇತ್ತ ಮೂರು ದೋಣಿ, ಅತ್ತ ನಾಲ್ಕು ದೋಣಿ ಬಂದು ನಿಂತವು. ತೆಂಗಿನಕಾಯಿ ಹೇರಿಕೊಂಡವನು, ಗ್ಯಾಸ್ ಸಿಲಿಂಡರ್ ಹೇರಿಕೊಂಡವನು, ಶಾಲೆಯಿಂದ ಬರುತ್ತಿದ್ದ ಒಂದು ದೋಣಿ ಮಕ್ಕಳು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ತಲೆ ಎತ್ತಲಿಲ್ಲ.

"ಈ ಕಾಲುವೆ ತೋಡ್ದೋರಿಗೆ ಬುದ್ಧಿ ಇರ್ನಿಲ್ವಾ? ಒಸಿ ಅಗಲ ಬುಟ್ಟಿದ್ರೆ ಅವ್ರ ಗಂಟು ಹೋಗ್ತಿತ್ತಾ?" ಎಂದಳು ಅತ್ತೆ.

"ಅತ್ತೆ, ಒಂದೇ ಒಂದ್ಸಲ ನಂಗೆ ಕೊಡತ್ತೆ. ನಂಗೆ ಲೈಸೆನ್ಸ್ ಐತೆ. ಹದಿನೈದು ವರ್ಷದಿಂದ ಕಾರು ಓಡುಸ್ತಿದ್ದೀನಿ."

"ನೀನು ಕಾರ್ ಓಡ್ಸದ ನಾನ್ ನೋಡಿಲ್ವಾ? ಹಂಪ್ ಕಂಡ್ರೆ ಇಳ್ದು ಕೈ ಮುಗ್ದು ಹೋಯ್ತೀಯ."

ಎಲ್ಲರೂ ನಕ್ಕರು. ನನ್ನ ಹೆಂಡತಿ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಳು. ಕೊನೆಗೆ ತೆಂಗಿನಕಾಯಿಯವನು ಬಂದು ಗಳು ಹಾಕಿ ನೂಕಿದ.

ಮುದ್ದೆ ತೊಳಸುವ ಹೊತ್ತಿಗಾದರೂ ಸ್ಟೇರಿಂಗ್ ಬಿಟ್ಟೇ ಬಿಡುತ್ತಾಳೆ ಎಂದು ನಾನು ಕಾದಿದ್ದೆ. ಊರಿನಿಂದ ರಾಗಿ ಹಿಟ್ಟು, ಕೋಲು, ಪಾತ್ರೆ, ಉಪ್ಪುಸಾರಿನ ಖಾರ ಎಲ್ಲವನ್ನೂ ತಂದಿದ್ದಳು. ಎರಡು ಕೈಯಲ್ಲಿ ಕೋಲು ಹಿಡಿದವಳು ಸ್ಟೇರಿಂಗನ್ನು ಎಲ್ಲಿ ಹಿಡಿಯುತ್ತಾಳೆ? ನಾನು ಮೆಲ್ಲಗೆ ಮುಂದಕ್ಕೆ ಸರಿದೆ. ಅತ್ತೆ ಎಂಜಿನ್ ಆರಿಸಿ, ಕೀ ಕಿತ್ತು, ದೋಣಿಯನ್ನು ತೆಂಗಿನಮರಕ್ಕೆ ಹಸು ಕಟ್ಟಿದ ಹಾಗೆ ಕಟ್ಟಿದಳು. ಆಮೇಲೆ ಮುದ್ದೆ ತೊಳಸಿದಳು. ಮುದ್ದೆ ಚೆನ್ನಾಗಿತ್ತು. ಅದೂ ನನಗೆ ಕೋಪ ತರಿಸಿತು.

ಎರಡನೆಯ ದಿನ ಬೆಳಿಗ್ಗೆ ನಡೆದದ್ದೇ ನನ್ನ ನಿಜವಾದ ದೂರು. ಅರ್ಧ ಗಂಟೆ ಹೋಗಿದ್ದೆವು. ಯಾರ ಮನೆಯೂ ಇಲ್ಲದ, ನೇರವಾದ ಕಾಲುವೆ. ಅತ್ತೆ ಇದ್ದಕ್ಕಿದ್ದಂತೆ ಎದ್ದು ತೋಳು ನೀವಿಕೊಂಡಳು.

"ಯಾಕೋ ಕೈ ಸೆಳೀತೈತೆ. ನನ್ ಕೈಲಾಗಕಿಲ್ಲ."

ನಾನು ಆಗಲೇ ಎದ್ದಿದ್ದೆ. ಅವಳು ನನ್ನ ಪಕ್ಕದಿಂದಲೇ ಹಾದು ಹೋಗಿ ಮಾವನ ಎದುರು ನಿಂತಳು.

"ಏಳಿ. ಸುಮ್ನೆ ಕೂತವ್ರೆ ಇಲ್ಲಿ. ಒಸಿ ಹಿಡ್ಕಳಿ."

ಮಾವ ತಮ್ಮ ಬಲಗೈ ನೋಡಿಕೊಂಡರು. ಆಮೇಲೆ ಅವಳನ್ನು ನೋಡಿದರು. ತಲೆಯಾಡಿಸಿ ಆಗುವುದಿಲ್ಲವೆಂದರು. ಅವಳು ಅವರ ತೋಳು ಹಿಡಿದು ಎಬ್ಬಿಸಿಯೇ ಬಿಟ್ಟಳು.

ನನಗೆ ಎಲ್ಲಿತ್ತೋ ಆ ಸಿಟ್ಟು. ಎರಡು ದಿನದಿಂದ ಬೇಡುತ್ತಿದ್ದೇನೆ. ಕಣ್ಣು, ಕೈ, ಲೈಸೆನ್ಸು ಎಲ್ಲ ಸರಿಯಿರುವ ನನ್ನನ್ನು ಬಿಟ್ಟು? "ಏನತ್ತೆ ಇದು? ಗುಂಡಿ ಹಾಕ್ಕೊಳೋಕೆ ಆಗದೇ ಇರೋರ ಕೈಗೆ ಎಂಟು ಜನರ ಪ್ರಾಣ ಕೊಡ್ತೀಯಾ?" ಎಂದುಬಿಟ್ಟೆ.

ಅತ್ತೆ ತಿರುಗಿ ನನ್ನನ್ನು ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿಲ್ಲ. ಮಾವನನ್ನು ಕೂರಿಸುವುದರಲ್ಲೇ ಇದ್ದಳು. ಆಪಾ ನನ್ನ ಅಂಗಿಯ ತುದಿ ಹಿಡಿದು ಬೆಂಚಿಗೆ ಎಳೆದಳು.

"ಕೂತ್ಕೊ ಮೇಷ್ಟ್ರೆ," ಎಂದಳು ನನಗಷ್ಟೇ ಕೇಳುವಂತೆ. "ಎರಡು ತಿಂಗಳಿಂದ ನಮ್ಮನೆಗೆ ಬಂದು ಫೋನ್ ಮಾಡ್ತಿದ್ಲು, ಈ ದೋಣಿಯವ್ನಿಗೆ. ಒಂದೇ ಕೈಯಲ್ಲಿ ತಿರುಗ್ಸಬೋದಾ, ಎಡಗೈ ನಡೀತದಾ, ಅಂತ. ನಿಮ್ಮ ಮಾವನ ಮುಂದೆ ಕೇಳಂಗಿಲ್ವಲ್ಲ, ಅದಕ್ಕೆ ನಮ್ಮನೆಗೆ."

"ಮತ್ತೆ ನಿನ್ನೆಯೆಲ್ಲ..."

"ನಿನ್ನೆಯೆಲ್ಲ ನೋಡ್ತಿದ್ಲು. ಎಲ್ಲಿ ಗುದ್ದಿದ್ರೆ ಏನಾಗ್ತದೆ ಅಂತ. ಅವರು ಗುದ್ದಿದ್ರೂ ಯಾರಿಗೂ ಏನೂ ಆಗಬಾರ್ದಲ್ಲ."

ನಾನು ಕೂತೆ. ಹೇಳಿದ ಮಾತನ್ನು ನುಂಗಲು ಬರುವಂತಿದ್ದರೆ ಎಂದು ಅನ್ನಿಸಿತು.

ಮಾವ ಎಡಗೈಯನ್ನು ಸ್ಟೇರಿಂಗಿನ ಮೇಲಿಟ್ಟರು. ಮೊದಲು ದೋಣಿ ದಡದ ಕಡೆ ವಾಲಿತು. ಅತ್ತೆ ಏನೂ ಹೇಳಲಿಲ್ಲ. ಹುಟ್ಟಿದಾರಭ್ಯ ಅವಳು ಏನೂ ಹೇಳದೆ ಇದ್ದದ್ದನ್ನು ನಾನು ಅದೇ ಮೊದಲು ಕಂಡದ್ದು. ಮಾವ ಸರಿಮಾಡಿಕೊಂಡರು. ಹತ್ತು ನಿಮಿಷಕ್ಕೆಲ್ಲ ದೋಣಿ ಗೆರೆ ಎಳೆದ ಹಾಗೆ ಹೋಗತೊಡಗಿತು. ಮಾವನ ಬೆನ್ನು ನೆಟ್ಟಗಾಯಿತು. ತಿರುವು ಬಂದಾಗ ಮೊದಲೇ ನಿಧಾನ ಮಾಡಿ, ಎದುರಿನಿಂದ ಬಂದ ದೋಣಿಗೆ ದಾರಿ ಬಿಟ್ಟರು. ಆ ದೋಣಿಯವನು ಕೈ ಎತ್ತಿದ. ಮಾವನೂ ಎಡಗೈಯನ್ನು ಒಂದು ಕ್ಷಣ ಎತ್ತಿ ಇಳಿಸಿದರು.

ತಿರುವಿನಾಚೆ ಮೆಟ್ಟಿಲ ಮೇಲೆ ವಯಸ್ಸಾದ ಹೆಂಗಸೊಬ್ಬಳು ಕೊಡೆ, ಕೈಚೀಲ ಹಿಡಿದು ನಿಂತಿದ್ದಳು. ನಮ್ಮದು ಊರವರ ದೋಣಿ ಎಂದುಕೊಂಡಳೋ ಏನೋ, ಕೈ ಅಡ್ಡ ಹಿಡಿದಳು. ಮಾವ ಯಾರನ್ನೂ ಕೇಳಲಿಲ್ಲ. ವೇಗ ಇಳಿಸಿ, ಪಕ್ಕಕ್ಕೆ ತಂದು, ಮೆಟ್ಟಿಲಿಗೆ ಒಂದು ಗೇಣು ಬಿಟ್ಟು ನಿಲ್ಲಿಸಿದರು. ಆಕೆ ಹತ್ತಿದಳು. ಅತ್ತೆ ತನ್ನ ಜಾಗ ಬಿಟ್ಟುಕೊಟ್ಟಳು. ಮುಂದಿನ ಮೆಟ್ಟಿಲಲ್ಲಿ ಕೋಳಿ ಬುಟ್ಟಿಯವನೊಬ್ಬ, ಅದರ ಮುಂದೆ ಪುಸ್ತಕದ ಚೀಲದ ಹುಡುಗಿಯರಿಬ್ಬರು. ಯಾರು ಕೈ ಅಡ್ಡ ಹಿಡಿದರೂ ಮಾವ ನಿಲ್ಲಿಸುತ್ತಾ ಹೋದರು.

"ಬನ್ನಿ ಬನ್ನಿ, ಒಳಕ್ ಬನ್ನಿ, ಜಾಗ ಐತೆ," ಎಂದು ಅತ್ತೆ ಅಪ್ಪಟ ಹೊಂಗನೂರು ಕನ್ನಡದಲ್ಲಿ ಎಲ್ಲರನ್ನೂ ಕರೆದಳು. ಜಾಗ ಎಲ್ಲಿತ್ತು? ಅವಳು ನನ್ನತ್ತ ತಿರುಗಿದಳು. "ಏಳ್ಲಾ ಮೇಲಕ್ಕೆ. ಜನ ನಿಂತವ್ರೆ, ಕಾಣಕಿಲ್ವಾ?"

ಎದ್ದು ಚಾವಣಿಯ ಕಂಬಿ ಹಿಡಿದು ನಿಂತೆ. ಭಾವನೂ ಸಾಹೇಬರೂ ಎದ್ದರು. ನಮ್ಮ ಎಂಟು ಜನರ ದೋಣಿಯಲ್ಲಿ ಹನ್ನೆರಡು ಜನವಾಗಿದ್ದರು.

"ಎಲ್ಲಾ ಹತ್ತುದ್ರಾ?" ಮಾವ ಹಿಂದಿರುಗಿ ನೋಡದೆಯೇ ಕೇಳಿದರು. ಎರಡು ವರ್ಷದಿಂದ ಪ್ರತಿ ಅಕ್ಷರಕ್ಕೂ ಎಡವುತ್ತಿದ್ದ ನಾಲಿಗೆ ಆ ಮಾತಿನಲ್ಲಿ ಎಲ್ಲೂ ತೊಡರಲಿಲ್ಲ.

ಅತ್ತೆ ಉತ್ತರ ಹೇಳಲು ಬಾಯಿ ತೆರೆದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ನೀರಿನ ಕಡೆ ಮುಖ ತಿರುಗಿಸಿದಳು.

"ಹತ್ತುದ್ವಿ ಮಾವ," ಎಂದೆ ನಾನು. "ಹೋಗ್ಲಿ, ರೈಟ್."