ಬಫೆಯಲ್ಲಿ ಭಕ್ಷೀಸು ಯಾರಿಗೆ?

ಭಕ್ಷೀಸು ಕೊಡುವಾಗ ಮುಖವನ್ನು ಎಲ್ಲಿಡಬೇಕು ಎನ್ನುವುದು ಐವತ್ತು ದಾಟಿದರೂ ನನಗೆ ತಿಳಿದಿಲ್ಲ. ತೆಗೆದುಕೊಳ್ಳುವವರ ಕಣ್ಣು ನೋಡಿದರೆ ಅವರಿಗೆ ಸಂಕೋಚ, ನೋಡದಿದ್ದರೆ ನನ್ನದು ಸೊಕ್ಕು. ನಗೋಣವೆಂದರೆ ಇಪ್ಪತ್ತು ರೂಪಾಯಿಗೆ ಇಷ್ಟೊಂದು ನಗು ಹೆಚ್ಚಾಯಿತೇನೋ ಎಂಬ ಅನುಮಾನ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಫಿಲೋಮಿನಾ ಅನ್ನುವವರು ಶುಕ್ರವಾರಗಳಂದು ನಮಗೆ ನಡವಳಿಕೆಯ ಪಾಠ ಹೇಳುತ್ತಿದ್ದರು. ಸೂಪನ್ನು ಸದ್ದಿಲ್ಲದೆ ಕುಡಿಯುವುದು, ಆಕಳಿಕೆಯನ್ನು ಬಾಯಿ ತೆರೆಯದೆ ಮುಗಿಸುವುದು, ಯಾರಿಗಾದರೂ ಏನಾದರೂ ಕೊಟ್ಟರೆ ಮೂರನೆಯವರಿಗೆ ಕಾಣದಂತೆ ಕೊಡುವುದು. ಮೊದಲೆರಡು ನನ್ನ ಸಂಸಾರದಲ್ಲಿ ಯಾತಕ್ಕೂ ಬರಲಿಲ್ಲ. ಮೂರನೆಯದು ಮಾತ್ರ ಉಪಯೋಗಕ್ಕೆ ಬಂದು ಒಬ್ಬ ಹೆಂಗಸಿನ ಕೆಲಸಕ್ಕೇ ಸಂಚಕಾರ ತಂದಿತು.

ನಮ್ಮನೆಯವರದು ಬ್ಯಾಂಕಿನ ನೌಕರಿ. ಮೊದಲು ಅಹಮದಾಬಾದಿನ ವಸ್ತ್ರಾಪುರದಲ್ಲಿ ಏಳು ವರ್ಷ ಇದ್ದೆವು. ಅಲ್ಲಿ ಭಕ್ಷೀಸಿನ ತೊಂದರೆಯೇ ಇರಲಿಲ್ಲ. ಥಾಲಿ ಹೋಟೆಲುಗಳಲ್ಲಿ ಬಡಿಸುವವರು, ಬೇಡವೆಂದು ತಟ್ಟೆಗೆ ಅಡ್ಡ ಹಿಡಿದ ಬೆರಳುಗಳ ಸಂದಿಯಲ್ಲೇ ತುಪ್ಪ ಸುರಿದುಬಿಡುತ್ತಿದ್ದರು. ಅಷ್ಟು ಕಾಡಿದವರಿಗೆ ಏನಾದರೂ ಕೊಟ್ಟು ಬರುವುದು ಸಹಜವಾಗಿತ್ತು. ಆಮೇಲೆ ವಡೋದರಕ್ಕೆ ವರ್ಗವಾಯಿತು. ಈಗಿರುವ ಮಂಜಲ್‌ಪುರದ ಮನೆಯಿಂದ ನಾಲ್ಕು ಹೆಜ್ಜೆಗೆ ಕುಂದಾಪುರದ ಕಡೆಯ ಸುಧಾಕರಣ್ಣನ ಹೋಟೆಲು. ಭಾನುವಾರ ಮಧ್ಯಾಹ್ನ ಅಲ್ಲಿ ಬಫೆ. ಒಂದು ತುದಿಯಲ್ಲಿ ಇಡ್ಲಿ ಸಾಂಬಾರು, ಇನ್ನೊಂದು ತುದಿಯಲ್ಲಿ ಗುಜರಾತಿಗಳ ಖಮಣ್, ನಡುವೆ ಎಲ್ಲ ರಾಜ್ಯಗಳೂ. ಊಟವನ್ನು ನಾವೇ ಬಡಿಸಿಕೊಳ್ಳಬೇಕು, ತಿಂದ ತಟ್ಟೆಯನ್ನು ನಾವೇ ಒಯ್ದು ಮೂಲೆಯ ಟಬ್ಬಿನಲ್ಲಿ ಹಾಕಬೇಕು.

‘ನಾವೇ’ ಎಂದರೆ ಯಾರು ಎಂಬುದನ್ನು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅತ್ತೆಯವರಿಗೆ ಮಂಡಿನೋವು, ಸಾಲಿನಲ್ಲಿ ನಿಲ್ಲಲಾರರು. ನಮ್ಮನೆಯವರು ಒಂದೇ ಒಂದು ಸಲ ಸೌಟು ಹಿಡಿದು, ಕಢಿಯನ್ನು ಮುಂದಿದ್ದವರ ಬಿಳಿ ಅಂಗಿಯ ತೋಳಿಗೆ ಬಡಿಸಿದ ಮೇಲೆ ಅವರಿಗೂ ವಿನಾಯಿತಿ ಸಿಕ್ಕಿತು. ಹಾಗಾಗಿ ಮೂರು ತಟ್ಟೆ ತುಂಬುವವಳು ನಾನು, ಅತ್ತೆಯವರಿಗೆ ಉಪ್ಪಿನಕಾಯಿ ಮರೆತೆನೆಂದು ಮತ್ತೆ ಹೋಗುವವಳು ನಾನು, ಕೊನೆಗೆ ಮೂರನ್ನೂ ಪೇರಿಸಿಕೊಂಡು ಟಬ್ಬಿಗೆ ಹಾಕುವವಳೂ ನಾನೇ. ವಾರಕ್ಕೊಂದು ಹೊತ್ತು ಬಡಿಸುವ ಕೆಲಸದಿಂದ ಬಿಡುವು ಸಿಗಲಿ ಎಂದು ಮನೆಗೆ ಬೀಗ ಹಾಕಿ ಹೊರಡುತ್ತೇನೆ, ದುಡ್ಡು ಕೊಟ್ಟು ಬಡಿಸಿ ಬರುತ್ತೇನೆ.

ಮೊದಲನೆಯ ಭಾನುವಾರವೇ ನಮ್ಮನೆಯವರನ್ನು ಕೇಳಿದೆ, “ಏನೂಂದ್ರೆ, ಇಲ್ಲಿ ಟಿಪ್ಸ್ ಇಡೋದು ಬೇಡವಾ?”

“ಯಾರಿಗೆ ಇಡ್ತೀಯ? ಯಾರು ಬಡಿಸಿದ್ರು ಹೇಳು.”

“ನಾನು.”

“ಮತ್ತೆ?” ಎಂದು ಅವರು ಸೋಂಪು ಬಾಯಿಗೆ ಹಾಕಿಕೊಂಡರು. ಬ್ಯಾಂಕಿನವರ ಜೊತೆ ವಾದ ಮಾಡಬಾರದು. ಅವರಿಗೆ ನಿಯಮದ ಪುಸ್ತಕ ಬಾಯಿಪಾಠ.

ಆದರೆ ಟಬ್ಬಿನ ಹತ್ತಿರ ರಮೀಲಾಬೆನ್ ಇದ್ದಳು. ನನ್ನದೇ ವಯಸ್ಸು, ಸೀರೆಯ ಸೆರಗನ್ನು ಬಲಭುಜದ ಮೇಲಿಂದ ಮುಂದಕ್ಕೆ ತಂದು ಸೊಂಟಕ್ಕೆ ಬಿಗಿದು, ಇಡೀ ಮಧ್ಯಾಹ್ನ ನಿಂತೇ ಇರುತ್ತಿದ್ದಳು. ಜನ ತಟ್ಟೆ ಎಸೆದು ಹೋದ ಮೇಲೆ ಎಂಜಲು ಕೆರೆದು, ಚಮಚ ಬೇರೆ, ಬಟ್ಟಲು ಬೇರೆ ಮಾಡುವವಳು ಅವಳು. ಒಂದು ಕಾಲು ನೋಯುತ್ತಿತ್ತೇನೋ, ಕೊಕ್ಕರೆಯ ಹಾಗೆ ಆಗಾಗ ಭಾರವನ್ನು ಇನ್ನೊಂದರ ಮೇಲೆ ಹಾಕುತ್ತಿದ್ದಳು. ನಾನೂ ಒಲೆಯ ಮುಂದೆ ಹಾಗೇ ನಿಲ್ಲುವುದು.

ಲೋಟ ಎತ್ತಲು ಬಂದಾಗ ಅವಳಿಗೆ ಸಿಗಲೆಂದು ಮೊದಲ ಸಲ ಟೇಬಲ್ಲಿನ ಮೇಲೆ ನೀರಿನ ಲೋಟದ ಕೆಳಗೆ ಇಪ್ಪತ್ತರ ನೋಟು ಇಟ್ಟು ಬಂದೆ. ನಾವು ಗೇಟು ದಾಟುವುದರೊಳಗೆ, ಆ ಟೇಬಲ್ಲಿಗೆ ಬಂದು ಕೂತಿದ್ದ ಗಿರಾಕಿಯೊಬ್ಬರು ಏದುಸಿರು ಬಿಡುತ್ತ ಓಡಿಬಂದು, “ಬೆನ್, ಪೈಸಾ ಭೂಲಿ ಗಯಾ,” ಅಕ್ಕ, ದುಡ್ಡು ಮರೆತಿರಿ, ಎಂದು ನೋಟನ್ನು ನನ್ನ ಕೈಗಿಟ್ಟರು. ಇಷ್ಟು ಪ್ರಾಮಾಣಿಕರಾದ ಜನರ ನಡುವೆ ಗುಟ್ಟಾಗಿ ದಾನ ಮಾಡುವುದು ಕಷ್ಟ. ಮರುವಾರದಿಂದ ಸಿಸ್ಟರ್ ಹೇಳಿದ್ದಂತೆಯೇ ನಡೆದೆ. ನೋಟನ್ನು ಸಣ್ಣಗೆ ಮಡಚಿ, ಟಿಶ್ಯೂ ಕಾಗದದಲ್ಲಿ ಸುತ್ತಿ, ತಟ್ಟೆ ಕೊಡುವ ನೆಪದಲ್ಲಿ ರಮೀಲಾಬೆನ್ ಕೈಗೆ ಒತ್ತುವುದು. ಅವಳು ಮಾತಿಲ್ಲದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು. ಆರೇಳು ತಿಂಗಳು ಹೀಗೆ ನಡೆಯಿತು. ನಿಜ ಹೇಳುತ್ತೇನೆ, ಇಡೀ ವಾರದಲ್ಲಿ ನನಗಿದ್ದ ಗುಟ್ಟು ಅದೊಂದೇ.

ಕ್ಯಾಷ್ ಕೌಂಟರಿನ ಮೇಲೆ ಒಂದು ಪೆಟ್ಟಿಗೆ ಇತ್ತು. ಮೇಲೆ ಸೀಳು, ಮುಂದೆ ಗುಜರಾತಿಯಲ್ಲಿ ಎರಡು ಸಾಲು. ಇಷ್ಟು ವರ್ಷವಾದರೂ ನನಗೆ ಗುಜರಾತಿ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಈ ಊರುಗಳಲ್ಲಿ ಔಷಧಿ ಅಂಗಡಿಯಿಂದ ಹಿಡಿದು ಹಾಲಿನ ಅಂಗಡಿಯವರೆಗೆ ಎಲ್ಲ ಕಡೆ ಪಾಂಜರಾಪೋಳದ ಡಬ್ಬ ಇಟ್ಟಿರುತ್ತಾರೆ. ಮುದಿಯಾದ, ಕುಂಟಾದ ದನಗಳನ್ನು ಸಾಕುವ ಧರ್ಮಶಾಲೆ ಅದು. ಇದೂ ಅದೇ ಇರಬೇಕೆಂದುಕೊಂಡಿದ್ದೆ. ಅತ್ತೆಯವರಂತೂ ಪ್ರತಿವಾರ ಅದಕ್ಕೆ ಹತ್ತು ರೂಪಾಯಿ ಹಾಕಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಒಂದು ಭಾನುವಾರ ಹೋದಾಗ ಟಬ್ಬಿನ ಹತ್ತಿರ ಯಾರೂ ಇರಲಿಲ್ಲ. ರಮೀಲಾಬೆನ್ ಕೌಂಟರಿನ ಪಕ್ಕದಲ್ಲಿ ಸೆರಗು ಬಿಚ್ಚಿ ಇಳಿಬಿಟ್ಟುಕೊಂಡು ನಿಂತಿದ್ದಳು. ಸುಧಾಕರಣ್ಣ ನನ್ನನ್ನು ಕಂಡದ್ದೇ ಕನ್ನಡದಲ್ಲಿ ತೋಡಿಕೊಂಡರು.

“ಎಂತ ಹೇಳುದು ಅಕ್ಕ, ತಲೆ ಕೆಟ್ಟುಹೋಗಿದೆ. ಈ ಪೆಟ್ಟಿಗೆ ಇಟ್ಟದ್ದೇ ಟಿಪ್ಸ್ ಎಲ್ಲರಿಗೂ ಸಮ ಹೋಗಲಿ ಅಂತ. ಒಳಗೆ ಬೆಂಕಿ ಮುಂದೆ ಬೇಯುವ ಭಟ್ರಿಗೆ ಯಾರು ಕೈಗೆ ಕೊಡ್ತಾರೆ? ಇವಳು ನೋಡಿದ್ರೆ ಟಿಶ್ಯೂದಲ್ಲಿ ಸುತ್ತಿ ತಕೊಳ್ತಾಳಂತೆ. ಅವಳು ಆಮೇಲೆ ಅದನ್ನು ಬಿಚ್ಚುವಾಗ ಭಟ್ರು ಕಣ್ಣಾರೆ ನೋಡಿದ್ದಾರೆ. ಯಾರು ಕೊಟ್ಟದ್ದು ಅಂತ ಕೇಳಿದ್ರೆ ಬಾಯಿ ಬಿಡುದಿಲ್ಲ. ಗಿರಾಕಿಗಳ ಹತ್ರ ಬೇಡ್ತಾಳೆ ಅಂತಲೇ ಆಯ್ತಲ್ಲ. ನಾಳೆಯಿಂದ ಬರುದು ಬೇಡ ಅಂದೆ.”

ನನ್ನ ಕೈಯಲ್ಲಿ ಆ ವಾರದ ಟಿಶ್ಯೂ ಆಗಲೇ ಸಿದ್ಧವಾಗಿತ್ತು. ಪಕ್ಕದಲ್ಲಿ ನಮ್ಮನೆಯವರು, ಹಿಂದೆ ಅತ್ತೆಯವರು. ರಮೀಲಾಬೆನ್ ನೆಲ ನೋಡುತ್ತಿದ್ದಳು; ನನ್ನ ಕಡೆ ಒಂದು ಸಲ ಕೂಡ ತಿರುಗಲಿಲ್ಲ.

“ಸುಧಾಕರಣ್ಣ, ಅವಳು ಬೇಡಿಲ್ಲ. ಕೊಟ್ಟವಳು ನಾನು,” ಎಂದು ಟಿಶ್ಯೂವನ್ನು ಕೌಂಟರಿನ ಮೇಲಿಟ್ಟೆ. “ಪ್ರತಿವಾರ ಕೊಡ್ತಿದ್ದೆ. ಕೈಗೇ ಒತ್ತಿ.”

“ನೀವಾ? ಪೆಟ್ಟಿಗೆ ಇಲ್ಲೇ ಉಂಟಲ್ಲ ಅಕ್ಕ.”

“ಅದು ದನಗಳದ್ದು ಅಂದುಕೊಂಡಿದ್ದೆ.”

ಅತ್ತೆಯವರು ಹಿಂದಿನಿಂದ ನಿಧಾನವಾಗಿ ಕೇಳಿದರು, “ಹಾಗಾದ್ರೆ ನಾನು ಇಷ್ಟು ದಿನ ಹಾಕಿದ್ದು ಯಾರು ತಿಂದ್ರು?”

ಸುಧಾಕರಣ್ಣ ಅಡುಗೆಮನೆಯ ಕಡೆ ನೋಡಿದರು. ಬಾಗಿಲಲ್ಲಿ ನಿಂತಿದ್ದ ಭಟ್ಟರು, ನೆನಪಾದ ಹಾಗೆ, ಒಗ್ಗರಣೆ ನೋಡಲು ಒಳಗೆ ಹೋದರು.

ವಿಚಾರಣೆ ಅಲ್ಲಿಗೆ ಮುಗಿಯಿತು. ರಮೀಲಾಬೆನ್ ಸೆರಗು ಬಿಗಿದುಕೊಂಡು ಟಬ್ಬಿಗೆ ಹೋದಳು. ಇನ್ನು ಮುಂದೆ ಏನೇ ಆದರೂ ಪೆಟ್ಟಿಗೆಗೇ ಎಂದು ನಾನು ಎಲ್ಲರ ಎದುರು ಒಪ್ಪಿಕೊಂಡೆ. ಸಿಕ್ಕವರು ಸಿಕ್ಕಷ್ಟು ಒಳಗೆ ಹಾಕಿಕೊಳ್ಳುವುದು ಸರಿಯಲ್ಲ ಎಂದು ನಾಲ್ಕು ಮಾತು ಕೂಡ ಸೇರಿಸಿದೆನಂತೆ, ನಮ್ಮನೆಯವರು ಹೇಳುತ್ತಾರೆ. ಅವರು ಮನೆಯ ಬೀಗ ತೆಗೆಯುವಾಗ, “ಗುಟ್ಟಾಗಿ ಕೊಡೋಕೆ ನಿನಗೆ ಇನ್ನೂ ಎಷ್ಟು ಜನ ಇದ್ದಾರೆ?” ಎಂದಷ್ಟೇ ಕೇಳಿದರು.

ಮುಂದಿನ ವಾರ ಟಬ್ಬಿನ ಹತ್ತಿರ ರಮೀಲಾಬೆನ್‌ಗೆ ಹೇಳಿದೆ, ಮೊದಲೇ ನನ್ನ ಹೆಸರು ಹೇಳಬಾರದಿತ್ತೇ ಎಂದು. ಅವಳು ಚಮಚ ಆರಿಸುತ್ತಲೇ, “ನಿಮ್ಮ ಯಜಮಾನರಿಗೆ ಗೊತ್ತಿಲ್ಲ ಅನ್ನಿಸಿತು, ಬೆನ್. ಮನೆಯಲ್ಲಿ ಮಾತು ಬಂದೀತು ಅಂತ,” ಎಂದಳು, ಗುಜರಾತಿಯಲ್ಲಿ, ಬಹಳ ಸಣ್ಣ ದನಿಯಲ್ಲಿ. ನಾನು ಪಕ್ಕದಲ್ಲಿದ್ದ ಬಟ್ಟಲುಗಳನ್ನು ಒಂದರೊಳಗೊಂದು ಸೇರಿಸತೊಡಗಿದೆ. ಅಂದಿನಿಂದ ಅದೊಂದು ಅಭ್ಯಾಸವಾಯಿತು. ಉಂಡ ಮೇಲೆ ಹತ್ತು ನಿಮಿಷ, ಅವಳು ಕೆರೆದು ಕೊಟ್ಟದ್ದನ್ನು ನಾನು ಪೇರಿಸುವುದು. ಹೇಗೂ ಕೈಗೆ ಒಗ್ಗಿದ ಕೆಲಸ. ಇದಕ್ಕೆ ಯಾವ ಪೆಟ್ಟಿಗೆಯ ನಿಯಮವೂ ಇರಲಿಲ್ಲ.

ಕಳೆದ ಭಾನುವಾರ ಸೂರತ್ತಿನಿಂದ ಯಾವುದೋ ಮದುವೆಗೆ ಬಂದ ದೊಡ್ಡ ಗುಂಪೊಂದು ಉಣ್ಣಲು ಬಂದಿತ್ತು. ತಟ್ಟೆಗಳು ಗುಡ್ಡವಾದವು. ನಾನೂ ಸೆರಗು ಸಿಕ್ಕಿಸಿಕೊಂಡು ನಿಂತಿದ್ದೆ. ಆ ಗುಂಪಿನ ಹಿರಿಯರೊಬ್ಬರು ತಮ್ಮ ತಟ್ಟೆಯನ್ನು ತಾವೇ ತಂದು ನನ್ನ ಕೈಗಿತ್ತು, ನನ್ನ ಮುಖವನ್ನು ಸರಿಯಾಗಿ ನೋಡಿ, “ಥಾಕಿ ಗಯಾ ಹಶೋ, ಬೆನ್. ಲೋ, ರಾಖೋ,” ಎಂದು ಐವತ್ತರ ನೋಟೊಂದನ್ನು ಒದ್ದೆ ಅಂಗೈಯಲ್ಲಿಟ್ಟು ಹೋದರು. ದಣಿದಿರಬೇಕು, ಇಟ್ಟುಕೊಳ್ಳಿ ಎಂದು. ಇಪ್ಪತ್ತೆಂಟು ವರ್ಷದಿಂದ ಬಡಿಸುತ್ತಿದ್ದೇನೆ, ಈ ಮಾತು ಯಾರೂ ಆಡಿರಲಿಲ್ಲ.

ಪೆಟ್ಟಿಗೆ ಆರು ಹೆಜ್ಜೆ ದೂರದಲ್ಲಿತ್ತು. ಸುಧಾಕರಣ್ಣ ಬಿಲ್ಲಿನಲ್ಲಿ ಮುಳುಗಿದ್ದರು. ನಾನು ನೋಟನ್ನು ಸಣ್ಣಗೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ರಮೀಲಾಬೆನ್ ನೋಡಿದಳು, ನೋಡಿ, ಚಮಚಗಳ ಕಡೆ ತಿರುಗಿದಳು. ಅವಳು ಯಾರಿಗೂ ಹೇಳುವವಳಲ್ಲ.