ಪ್ರೇಮನಾಥನ ನಿರಾಕ್ಷೇಪಣಾ ಪತ್ರ

ಮಸ್ಕತ್ ಕನ್ನಡ ವೇಪ್ ಬಳಗದಲ್ಲಿ ನೂರಾ ನಲವತ್ತೆರಡು ಸದಸ್ಯರಿದ್ದು, ಅವರಲ್ಲಿ ವೇಪ್, ಅಂದರೆ ಇ-ಸಿಗರೇಟು, ಸೇದುತ್ತಿದ್ದವನು ಪ್ರೇಮನಾಥ ಒಬ್ಬನೇ. ಮಿಕ್ಕವರು ಚಟ ಬಿಟ್ಟಿದ್ದಾರೆ, ಬಳಗ ಬಿಟ್ಟಿಲ್ಲ.

ವೇಪಿಗೆ ತುಂಬುವ ರುಚಿರುಚಿಯ ದ್ರವಕ್ಕೆ ಇ-ಲಿಕ್ವಿಡ್ ಎನ್ನುತ್ತಾರೆ. ಅದನ್ನು ಮಾರುವ ಅಂಗಡಿಗಳ ರ‍್ಯಾಂಕ್ ಪಟ್ಟಿಯನ್ನು ಪ್ರತಿ ತಿಂಗಳ ಒಂದನೇ ತಾರೀಖು ಪರಿಷ್ಕರಿಸುವುದೇ ಬಳಗದ ಏಕೈಕ ಕಾರ್ಯ. ಒಮಾನಿನಲ್ಲಿ ಈ ಮಾರಾಟ ನಿಷಿದ್ಧವಾದ್ದರಿಂದ ಪಟ್ಟಿಯಲ್ಲಿರುವುದೆಲ್ಲ ದುಬೈ ಅಂಗಡಿಗಳು. ಪ್ರೇಮನಾಥ ತಿಂಗಳಿಗೊಮ್ಮೆ ಐದು ಗಂಟೆ ಕಾರು ಓಡಿಸಿ, ಅಂಗಡಿ ಅಂಗಡಿಯಲ್ಲಿ ಸೇದಿ, ಕೆಮ್ಮುತ್ತ ಬರಿಗೈಯಲ್ಲಿ ಮರಳುತ್ತಿದ್ದ.

ಕಳೆದ ತಿಂಗಳು ಮಗಳು ಹಿತಾಳ ಶಾಲೆಯಲ್ಲಿ ಅಪ್ಪಂದಿರ ಓಟಕ್ಕೆ ನಿಂತವನು ಅರ್ಧದಲ್ಲೇ ಕುಳಿತುಬಿಟ್ಟ. "ಪಪ್ಪಾ, ಇಟ್ಸ್ ಓಕೆ" ಅಂದಳು ಮಗಳು. ಆ ಸಮಾಧಾನವನ್ನು ಅವನಿಗೆ ತಡೆಯಲಾಗಲಿಲ್ಲ. ಮರುದಿನವೇ ಡಾಕ್ಟರನ್ನು ಕಂಡು ಚಟ ಬಿಟ್ಟ. ಬಿಟ್ಟ ಖುಷಿಯಲ್ಲಿ ಮಸ್ಕತ್ತಿನ ದಾರ್ಸೈಟ್ ಬಡಾವಣೆಗೆ, ಬಳಗದ ಅಧ್ಯಕ್ಷ ದೊರೆಸ್ವಾಮಿಯವರ ಫ್ಲ್ಯಾಟಿಗೆ ಹೋದ.

"ಬಿಟ್ಟುಬಿಟ್ಟೆ ಸಾರ್."

ದೊರೆಸ್ವಾಮಿ ಕನ್ನಡಕ ತೆಗೆದರು. "ಯಾರನ್ನ ಕೇಳಿ ಬಿಟ್ರಿ?"

"ಡಾಕ್ಟರನ್ನ."

"ಡಾಕ್ಟರು ಬಳಗದ ಸದಸ್ಯರಾ?"

ಅಲ್ಲ. ಅಲ್ಲೇ ಕೂತಿದ್ದ ಕಾರ್ಯದರ್ಶಿ ಫ್ಲೋಯ್ಡ್ ನಿಯಮಾವಳಿ ಬಿಡಿಸಿ ಓದಿದ: "ನಿಯಮ ಏಳು. ಕೊನೆಯ ಸೇದುವ ಸದಸ್ಯನು ಬಳಗದ ನಿರಾಕ್ಷೇಪಣಾ ಪತ್ರವಿಲ್ಲದೆ ಆರೋಗ್ಯವಂತನಾಗತಕ್ಕದ್ದಲ್ಲ." ಓದಿ ಮುಗಿಸಿ ಪ್ರೇಮನಾಥನ ಹೆಗಲ ಮೇಲೆ ಕೈಯಿಟ್ಟ. "ನಾನು ಎಂತ ಮಾಡ್ಲಿ ಮಾರಾಯ? ಬದಲಿ ಜನ ಕೊಡು. ಎನ್‌ಒಸಿ ಕೊಡುವ, ಖಲಾಸ್."

ಪ್ರಕಟಣೆ ಹೊರಟಿತು: "ಶ್ವಾಸಕೋಶವುಳ್ಳ, ವೀಸಾ ಕನಿಷ್ಠ ಒಂದು ವರ್ಷ ಬಾಕಿಯಿರುವ ಅಭ್ಯರ್ಥಿ ಬೇಕಾಗಿದ್ದಾರೆ. ಕೆಮ್ಮು ಇದ್ದವರಿಗೆ ಆದ್ಯತೆ." ನೂರಾ ನಲವತ್ತೊಂದು ಮಂದಿ ಶುಭ ಕೋರಿದರು. ಅರ್ಜಿ ಒಂದೂ ಬರಲಿಲ್ಲ. ಒಂದನೇ ತಾರೀಖಿಗೆ ಎರಡೇ ದಿನ ಉಳಿದಾಗ, ದುಬೈಗೆ ಹೊರಡುವಂತೆ ಪ್ರೇಮನಾಥನಿಗೆ ಆದೇಶ ಬಂತು. ಅವನು ತೆಪ್ಪಗೆ ಕಾರಿನ ಕೀ ಎತ್ತಿಕೊಂಡ.

ಹೆಂಡತಿ ಸ್ಪಂದನಾ ಆ ಕೀ ಕಸಿದುಕೊಂಡು, ಗಂಡನನ್ನೂ ಎಳೆದುಕೊಂಡು, ದೊರೆಸ್ವಾಮಿಯವರ ಫ್ಲ್ಯಾಟಿನಲ್ಲಿ ನಡೆಯುತ್ತಿದ್ದ ಬಳಗದ ಸಭೆಗೆ ನೇರ ಬಂದಳು.

"ರ‍್ಯಾಂಕ್ ಕೊಡೋಕೆ ಸೇದಲೇಬೇಕು ಅಂತ ನಿಯಮದಲ್ಲಿ ಎಲ್ಲಿದೆ ಅಂಕಲ್?"

ಮೂರು ಸಲ ಹುಡುಕಿದರು. ಎಲ್ಲೂ ಇರಲಿಲ್ಲ.

ಆಕೆ ಅಲ್ಲೇ ಕೂತು ಪಟ್ಟಿಯ ಹನ್ನೆರಡೂ ಅಂಗಡಿಗಳಿಗೆ ಫೋನ್ ಹಚ್ಚಿ, ನಿಮ್ಮದು ಎಷ್ಟನೇ ರ‍್ಯಾಂಕ್ ಎಂದು ಅವರನ್ನೇ ಕೇಳಿದಳು. ಹನ್ನೊಂದು ಅಂಗಡಿಯವರು ತಾವೇ ಮೊದಲು ಅಂದರು. ಹನ್ನೆರಡನೆಯ ಅಂಗಡಿಯನ್ನು ಪ್ರೇಮನಾಥ ಎಂದೂ ತಲುಪಿರಲಿಲ್ಲ. ಅಷ್ಟು ಹೊತ್ತಿಗೆ ಉಸಿರು ಕಟ್ಟುತ್ತಿತ್ತು. ಅದರ ಮಾಲೀಕ, ಉಳ್ಳಾಲದ ಬಾವ ಎಂಬಾತ, "ಅದೆಲ್ಲ ಮುಚ್ಚಿ ಎರಡು ವರ್ಷ ಆಯ್ತಲ್ಲ ಅಕ್ಕಾ. ಈಗ ನಂದು ಸ್ಕೂಲ್ ಬ್ಯಾಗು" ಎಂದ.

ದೊರೆಸ್ವಾಮಿ ಗಂಭೀರರಾದರು. "ಎರಡು ವರ್ಷದಲ್ಲಿ ಈ ಅಂಗಡಿಯ ದ್ರವದ ಬಗ್ಗೆ ಒಂದಾದರೂ ದೂರು?"

"ಇಲ್ಲ ಸಾರ್," ಎಂದ ಫ್ಲೋಯ್ಡ್.

"ಸೇದಿದವರ ಗಂಟಲಿಗೆ ಉರಿ? ಕೆಮ್ಮು?"

"ಒಬ್ಬರಿಗೂ ಇಲ್ಲ."

ಬಾವನ ಅಂಗಡಿಗೆ ಸರ್ವಾನುಮತದಿಂದ ಪ್ರಥಮ ರ‍್ಯಾಂಕ್ ಘೋಷಿಸಲಾಯಿತು. ಪ್ರೇಮನಾಥನ ಪತ್ರಕ್ಕೆ ಮೊಹರು ಬಿತ್ತು. ಅವನು ನಾಲ್ಕು ಮಹಡಿ ಓಡಿ ಇಳಿದು, ಥ್ಯಾಂಕ್ಸ್ ಹೇಳಿಲ್ಲವೆಂದು ನೆನಪಾಗಿ, ಓಡಿಯೇ ಹತ್ತಿ ಬಂದ.

ರ‍್ಯಾಂಕ್ ಉಳಿಸಿಕೊಳ್ಳಲು ಏನು ಮಾಡಬೇಕೆಂದು ಬಾವ ವಿನಯದಿಂದ ವಿಚಾರಿಸಿದ್ದಾನೆ. ಏನೂ ಮಾಡಕೂಡದೆಂದು ಬಳಗ ಲಿಖಿತವಾಗಿ ತಿಳಿಸಿದೆ. ಈ ನಡುವೆ ಉಳಿದ ಹನ್ನೊಂದು ಅಂಗಡಿಗಳಲ್ಲಿ ನಾಲ್ಕು, ಸ್ಕೂಲ್ ಬ್ಯಾಗ್ ಮಾರಾಟಕ್ಕೆ ಇಳಿದಿವೆ. ಮುಂದಿನ ತಿಂಗಳ ಪೈಪೋಟಿ ತೀವ್ರವಾಗಿರಲಿದೆ.