ಬಣ್ಣದ ಮೈ ಹೊರಗೆ

ಮದರಾಸಿನಲ್ಲಿ ಅಂದಿನ ಮಳೆಹನಿ ಎಲ್ಲಿ ಬೇಕಾದರೂ ಬೀಳಬಹುದಿತ್ತು. ಅದು ಬಿದ್ದದ್ದು ಪುರಸೈವಾಕ್ಕಂನ ಹೋಟೆಲಿನ ಮಹಡಿಯಲ್ಲಿ, ಮಾಲೀಕ ಸುಬ್ರಾಯರ ಬೋಳುತಲೆಯ ಮೇಲೆ.

ಬೀದಿಯತ್ತ ಹೊಟ್ಟೆ ಚಾಚಿದಂತಿದ್ದ ಬೇ ವಿಂಡೋ ಆ ಮಹಡಿಯ ಶೋಭೆ. ಗೋಡೆಗೂ ಕಿಟಕಿಯ ಪುಟ್ಟ ಮಾಡಿಗೂ ನಡುವಿನ ಸಂದಿಯಿಂದ ನೀರು ಇಳಿಯುತ್ತಿತ್ತು. ಸಂಜೆ ಜವಳಿ ವ್ಯಾಪಾರಿ ಶಾಂತವೀರಪ್ಪನವರು ಅಲ್ಲೇ ಕೂತು ರುಚಿ ನೋಡುವವರಿದ್ದರು. ಮೆಚ್ಚಿದರೆ ಮಗಳ ಮದುವೆಯ ಅಡುಗೆ ಸುಬ್ರಾಯರದು. ಎಲ್ಲವೂ ತುಪ್ಪದಲ್ಲೇ ಆಗಬೇಕೆಂಬುದು ಷರತ್ತು. ಅದಕ್ಕೆ ಸುಬ್ರಾಯರು ಅಂಜಬೇಕಿರಲಿಲ್ಲ. ತುಪ್ಪದ ಬದಲು ಬಳಸುವ ಅಗ್ಗದ ವನಸ್ಪತಿ ಅವರ ಅಡುಗೆಮನೆಯ ಹೊಸಿಲು ದಾಟಿರಲಿಲ್ಲ.

ಗಾರೆ ಕೆಲಸದ ಮುನುಸಾಮಿ ಬಂದು ನೋಡಿದ. "ಸಂದಿಗೆ ತಗಡು ವೇಣುಂ ಸಾಮಿ. ಮೇಲಂಚು ಗೋಡೆ ಒಳಗೆ, ಕೆಳಗಂಚು ಮಾಡಿನ ಮೇಲೆ. ನೀರು ಜಾರಿ ಬೀದಿಗೆ ಪೋಯಿಡುಂ. ಸೀಸದ ತಗಡು ತನ್ನಿ."

"ಸೀಸ ಎಂತಕ್ಕೆ ಮಾರಾಯ? ಡಬ್ಬದ ತಗಡು ಸಾಲದಾ?"

ಮನೆಯ ತುಪ್ಪದ ಡಬ್ಬಗಳಲ್ಲಿ ಹೆಂಡತಿ ರತ್ನಾವತಿ ಹಪ್ಪಳ ತುಂಬಿಟ್ಟಿದ್ದಳು. "ಅದಕ್ಕೆ ಕತ್ತರಿ ತಾಗಿದ್ರೆ ನಾನು ಊರಿನ ಬಸ್ಸು ಹತ್ತಿದೆ ಅಂತ ತಿಳ್ಕೊಳ್ಳಿ!"

ಮಾತು ಕೇಳಿ ಎದುರು ಹೋಟೆಲಿನ ಕಿಟ್ಟಣ್ಣ ಬೀದಿ ದಾಟಿ ಬಂದ. ಅವನ ಬೋರ್ಡಿನಲ್ಲೂ ಶುದ್ಧ ತುಪ್ಪವೇ. "ನನ್ನ ಹಿತ್ತಲಲ್ಲಿ ಖಾಲಿ ಡಬ್ಬ ಉಂಟು ಸುಬ್ರಾಯಣ್ಣ, ವನಸ್ಪತೀದು. ನಾನು ಕೊಟ್ಟೆ ಅಂತ ಮಾತ್ರ ಯಾರಿಗೂ ಹೇಳ್ಬಾರ್ದು. ಮಂಜುನಾಥನ ಆಣೆ ಹಾಕಿ."

ಕೆಲಸ ಆಗಬೇಕಿತ್ತು. ಸುಬ್ರಾಯರು ಆಣೆ ಹಾಕಿದರು.

"ಬಣ್ಣದ ಮೈ ಹೊರಗಿರಲಿ, ತುಕ್ಕು ಹಿಡಿಯುವುದಿಲ್ಲ," ಎಂಬ ಬುದ್ಧಿಯೂ ಅವರದೇ.

"ಅಕ್ಷರ ಕಾಣುತ್ತೆ ಸಾಮಿ."

"ಸುಣ್ಣ ಬಳಿ. ಎಲ್ಲಾ ನಾನೇ ಹೇಳಿಕೊಡ್ಬೇಕಾ?"

ಸಂಜೆ ಶಾಂತವೀರಪ್ಪನವರು ಜಟಕಾದಿಂದ ಇಳಿಯುವ ಹೊತ್ತಿಗೆ ಮಳೆ ಕೊಡದಿಂದ ಸುರಿದಂತೆ ಸುರಿಯಿತು. ಒಳಗೆ ಒಂದು ಹನಿಯಿಲ್ಲ! ಸುಬ್ರಾಯರು ಮದುಮಗನ ಠೀವಿಯಲ್ಲಿ ಕೆಳಗಿಳಿದು ಹೋದರು.

ಬೀದಿಯ ಮಂದಿಯೆಲ್ಲ ಮೇಲೆ ನೋಡುತ್ತಿದ್ದರು. ನುಣುಪು ತಗಡಿನಿಂದ ಸುಣ್ಣ ಹಾಲಿನಂತೆ ಇಳಿದುಹೋಗಿತ್ತು. 'ಶುದ್ಧ ತುಪ್ಪದ ತಿಂಡಿ' ಎಂಬ ಬೋರ್ಡಿನ ನೆತ್ತಿಗೆ, ಕಿಟಕಿಯ ಮೂರು ಮುಖಕ್ಕೂ ಒಂದೊಂದರಂತೆ, 'ವನಸ್ಪತಿ' ಎಂದು ಕೆಂಪಕ್ಷರಗಳು ಮಿನುಗುತ್ತಿದ್ದವು.

"ಏನ್ರೀ ಸುಬ್ರಾಯರೇ, ಕೆಳಗೊಂದು ಬೋರ್ಡು, ಮೇಲೊಂದು ಬೋರ್ಡು. ಯಾವುದನ್ನ ನಂಬ್ಲಿ?"

"ಅಯ್ಯೋ, ಆ ಡಬ್ಬ ನಮ್ಮದಲ್ಲ ಸಾವ್ಕಾರ್ರೇ!"

"ಮತ್ಯಾರದು?"

ಸುಬ್ರಾಯರು ಬಾಯಿ ತೆರೆದರು. ಎದುರಿನ ಜಗಲಿಯಲ್ಲಿ ಕಿಟ್ಟಣ್ಣ ಕಣ್ಣುಮುಚ್ಚಿ, ಆಕಾಶದ ಕಡೆ ಕೈಮುಗಿದು ನಿಂತಿದ್ದ. ಸುಬ್ರಾಯರು ಬಾಯಿ ಮುಚ್ಚಿದರು.

"ಅದು... ಹೇಳುವ ಹಾಗಿಲ್ಲ."

"ಹೇಳೋದೇನು ಬಂತು, ಓದೋಕೆ ಬರುತ್ತಲ್ರೀ ನನಗೆ!" ಎಂದು ಶಾಂತವೀರಪ್ಪನವರು ಕೊಡೆ ಬಿಚ್ಚಿ ನೇರ ಕಿಟ್ಟಣ್ಣನ ಹೋಟೆಲಿಗೆ ನಡೆದರು. ಒಳಗಿದ್ದ ಗಿರಾಕಿಗಳೂ ಹಿಂದೆಯೇ ಹೊರಟರು.

ಮಹಡಿಯಿಂದ ಮುನುಸಾಮಿ ಕೂಗಿದ. "ಒಂದು ಸೊಟ್ಟು ನೀರೂ ಒಳಗೆ ಬರಲಿಲ್ಲ ಸಾಮಿ!"

"ಉಳಿದ ತಗಡು ನನ್ನ ತಲೆಗೆ ಹೊಡಿ ಮಾರಾಯ. ಸೋರುವುದು ಇಲ್ಲಿ."

ಮಳೆ ನಿಂತ ಮೇಲೆ ಕಿಟ್ಟಣ್ಣ ಬಂದ. ಮುಖದಲ್ಲಿ ಮದುವೆಯ ಕಳೆ. "ಅಡುಗೆ ನಮಗಾಯ್ತು ಸುಬ್ರಾಯಣ್ಣ. ಒಂದು ಉಪಕಾರ ಆಗ್ಬೇಕಿತ್ತು. ಈ ಒಳ್ಳೆ ತುಪ್ಪ ಎಲ್ಲಿ ಸಿಕ್ತದೆ? ನಮಗೆ ಅಭ್ಯಾಸ ಇಲ್ಲ ನೋಡಿ."